ಅರಳಿಕಟ್ಟೆ ಪಾಠ ಯಾಕೆ ನಿಂತಿತು?

2020ರ ಆಗಸ್ಟ್‌ನಲ್ಲಿ, ಕೊರೋನಾ ಕಾಲದಲ್ಲಿ, ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ಗೊಣಗಿದ ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ಶಾಲೆಗೆ ಬೀಗ, ಮಕ್ಕಳಿದ್ದಲ್ಲಿಗೇ ಮೇಷ್ಟ್ರು ಹೋಗಬೇಕು. ಇಂಟರ್ನೆಟ್ ಫೋನ್ ಇರುವವರು, ಬರೀ ಫೋನ್ ಇರುವವರು, ಏನೂ ಇಲ್ಲದವರು ಅಂತ ಪಟ್ಟಿ ಮಾಡಿದೆವು. ನನ್ನ ಪಟ್ಟಿಯಲ್ಲಿ ಏನೂ ಇಲ್ಲದವರೇ ಜಾಸ್ತಿ. ಹಾಗಾಗಿ ಅರಳಿಕಟ್ಟೆಯೇ ತರಗತಿ. ಮರಕ್ಕೆ ಒರಗಿಸಿದ ಬೋರ್ಡು ಗಾಳಿಗೆ ಬೀಳುತ್ತಿತ್ತು, ಒಬ್ಬ ಹುಡುಗ ಅದನ್ನು ಹಿಡಿದುಕೊಂಡೇ ಕೂರುತ್ತಿದ್ದ.

ಐದನೇ ಕ್ಲಾಸಿನ ಒಬ್ಬಳು ಮೊದಲಿಂದಲೂ ವಾರಕ್ಕೆರಡು ದಿನ ಶಾಲೆ ತಪ್ಪಿಸುತ್ತಿದ್ದಳು. ನಾನು ಗೈರು ಅಂತ ಬರೆದು ಸುಮ್ನಾಗುತ್ತಿದ್ದೆ. ಕಟ್ಟೆಗೆ ಅವಳು ಬಂದಿದ್ದು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು. ಅವ್ವ ಕೂಲಿಗೆ ಹೋದ ದಿನ ಮಗು ನೋಡಿಕೊಳ್ಳೋರು ಯಾರು? ಒಂದು ಕೈಯಲ್ಲಿ ಅವನ ಬಾಯಿಗೆ ಮಂಡಕ್ಕಿ ಹಾಕುತ್ತಾ, ಇನ್ನೊಂದರಲ್ಲಿ ಸ್ಲೇಟಿನ ಮೇಲೆ ಭಾಗಾಕಾರ ಮಾಡಿದಳು. ಮೂರು ವರ್ಷ ಪಾಠ ಮಾಡಿದ್ದ ನನಗೆ ಇದು ಗೊತ್ತಾಗೋಕೆ ಕೊರೋನಾ ಬರಬೇಕಾಯ್ತು.

ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ಸರಿ, ಆಗ ನಿಲ್ಲಿಸಲೇಬೇಕಿತ್ತು. 2021ರ ಜನವರಿಯಲ್ಲಿ ಮತ್ತೆ ಶುರುವಾದಾಗ ಅದು ಶಾಲೆ ಕಾಂಪೌಂಡಿನ ಒಳಗೆ ಬಂದಿತ್ತು. ಶಾಲೆ ಪೂರ್ತಿ ತೆರೆದ ಮೇಲಂತೂ ಕೇಳೋರೇ ಇಲ್ಲ.

ಫೋನಿನಲ್ಲೇ ಡಾಕ್ಟರನ್ನು ಕೇಳುವುದಕ್ಕೆ ಈ ಗತಿ ಬರಲಿಲ್ಲ, ನೋಡಿ. 2020ರ ಮಾರ್ಚ್ 25ಕ್ಕೇ ಟೆಲಿಮೆಡಿಸಿನ್‌ಗೆ ನಿಯಮ ಬಂತು. ಯಾವ ಔಷಧಿ ಹಾಗೆ ಬರೆದುಕೊಡಬಹುದು, ಯಾವುದು ಕೂಡದು ಅನ್ನೋದು ಕಾಗದದ ಮೇಲಿತ್ತು. ಕೊರೋನಾ ಹೋದರೂ ಮನೆಯಿಂದಲೇ ಡಾಕ್ಟರನ್ನು ಕೇಳುವ ಸರ್ಕಾರದ ಸೇವೆ ಇ-ಸಂಜೀವಿನಿ ಉಳಿಯಿತು. ನಮ್ಮ ಕಟ್ಟೆಗೆ ಅಂಥ ಕಾಗದ ಯಾರೂ ಬರೆಯಲಿಲ್ಲ.

ಈಗಲೂ ಬರೆಯಬಹುದು. ವಾರಕ್ಕೆ ಅರ್ಧ ದಿನ ಮನೆ ಭೇಟಿ ಅಂತ ವೇಳಾಪಟ್ಟಿಯಲ್ಲೇ ಹಾಕಿ. ಪಾಠ ಬೇಡ, ಗೈರಾದ ಮಕ್ಕಳ ಮನೆಗೆ ಹೋಗಿಬಂದರೆ ಸಾಕು. ಒಬ್ಬರೇ ಮೇಷ್ಟ್ರಿರುವ ಶಾಲೆಗೆ ಆ ಹೊತ್ತಿಗೆ ಅತಿಥಿ ಶಿಕ್ಷಕರನ್ನು ಕೊಡಿ. ಬಸ್ ಚಾರ್ಜ್ ಕೊಡಿ. ಭೇಟಿಯ ಫೋಟೋ ಆ್ಯಪ್‌ಗೆ ಹಾಕುವ ಕೆಲಸ ಮಾತ್ರ ನಮಗೆ ಹಚ್ಚಬೇಡಿ, ಕೈ ಮುಗೀತೀನಿ.

ಮೇಷ್ಟ್ರು ಮನೆಮನೆ ಅಲೆಯೋಕೆ ಆಗುತ್ತಾ ಅಂತೀರಾ? 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಅಲೆದವರು ನಾವೇ ಅಲ್ವಾ? ಅದಕ್ಕೆ ಆದೇಶ ಇತ್ತು, ಗೌರವಧನ ಇತ್ತು, ಅಕ್ಟೋಬರ್ 18ರವರೆಗೆ ಶಾಲೆಗೆ ರಜೆಯೂ ಸಿಕ್ಕಿತು. ಒಂದೊಂದು ಮನೆಯಲ್ಲೂ 60 ಪ್ರಶ್ನೆ ಕೇಳಿದೆವು. ನಿಮ್ಮ ಮಗು ಸೋಮವಾರ ಶಾಲೆಗೆ ಯಾಕೆ ಬರಲಿಲ್ಲ ಅನ್ನೋದು ಅದರಲ್ಲಿ ಇರಲಿಲ್ಲ.