ಮಲೆನಾಡಿನವರು ಕಡಲಿಗೆ ಹೊರಡುವ ಮುನ್ನ

ಮೊನ್ನೆ ಮೂಡಿಗೆರೆಯಿಂದ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. "ಅಕ್ಕಾ, ಜುಲೈನಲ್ಲಿ ಶ್ರೀಲಂಕಾಕ್ಕೆ ಟಿಕೆಟ್ ಬಹಳ ಅಗ್ಗವಾಗಿದೆ. ನೀವು ಹೋಗಿದ್ದ ಉನವಟುನಕ್ಕೇ ನಾವೂ ಹೋಗಿಬರುತ್ತೇವೆ" ಎಂದಳು. ಬೇಡವೇ ಬೇಡ ಎಂದೆ. ಪಾಪ, ಅವಳ ಉತ್ಸಾಹಕ್ಕೆ ತಣ್ಣೀರು ಎರಚಿದ ಹಾಗಾಯಿತು. ಆದರೆ ನಮ್ಮ ಕಡೆಯ ಇನ್ನೂ ಎರಡು ಮೂರು ಮನೆಯವರು ಅತ್ತ ಹೊರಡುವ ಯೋಚನೆಯಲ್ಲಿದ್ದಾರೆ ಎಂದು ಕೇಳಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಟಿಕೆಟ್ ದರ ನೋಡುವುದಕ್ಕೆ ಮೊದಲು ಮಳೆ ನೋಡಿ. ನಮ್ಮ ತೋಟಗಳಿಗೆ ಸುರಿಯುವ ನೈಋತ್ಯ ಮುಂಗಾರೇ ಗಾಲೆ, ಉನವಟುನ, ಮಿರಿಸ್ಸ ಇರುವ ಶ್ರೀಲಂಕಾದ ದಕ್ಷಿಣ ದಡಕ್ಕೂ ಬಡಿಯುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕಡಲು ಕೆರಳಿರುತ್ತದೆ. ಇಲ್ಲಿ ಕಂಬಳಿ ಹೊದ್ದು ಕೂರುವ ದಿನಗಳಲ್ಲಿ ಅಲ್ಲಿ ಹೋಟೆಲ್ ಕಿಟಕಿಯಿಂದ ಮಳೆ ನೋಡುವುದಕ್ಕೆ ಅಷ್ಟು ದುಡ್ಡು ಏಕೆ ಸುರಿಯಬೇಕು? ಜುಲೈನಲ್ಲೇ ರಜೆ ಸಿಗುವುದಾದರೆ ಪೂರ್ವ ದಡದ ಟ್ರಿಂಕೋಮಲಿಗೆ ಹೋಗಿ; ಆಗ ಅಲ್ಲಿ ಕಡಲು ಶಾಂತವಾಗಿರುತ್ತದೆ. ದಕ್ಷಿಣದ ದಡಕ್ಕಾದರೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ನಾವು ಹೋದದ್ದು ಮಾರ್ಚ್‌ನಲ್ಲಿ, ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ. ಚಿಕ್ಕಮಗಳೂರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣ ತಲುಪುವುದಕ್ಕೆ ಹಿಡಿದ ಹೊತ್ತು ಅಲ್ಲಿಂದ ಕೊಲಂಬೊಕ್ಕೆ ಹಿಡಿಯಲಿಲ್ಲ.

ಇನ್ನು ನೀರಿನ ಮಾತು. ನಮ್ಮ ಭಾವ ಹೇಮಾವತಿಯಲ್ಲಿ ಈಜಿ ಬೆಳೆದವರು. ಅಲೆ ಒಡೆಯದೆ ನೀರು ನುಣ್ಣಗೆ ಕಾಣುವ ಜಾಗವನ್ನೇ ಆರಿಸಿ ಇಳಿದರು. ಅಪಾಯ ಇದ್ದದ್ದು ಅಲ್ಲಿಯೇ. ಅಲೆಗಳು ದಡಕ್ಕೆ ತಂದ ನೀರು ಇಕ್ಕಟ್ಟಾದ ದಾರಿಯೊಂದರಲ್ಲಿ ಹಿಂದಕ್ಕೆ ಹರಿಯುತ್ತದೆ. ಆ ಸೆಳವಿನ ಮೇಲೆ ಅಲೆ ಒಡೆಯುವುದು ಕಡಿಮೆ. ನದಿಯ ಮಡುವಿನಂತೆಯೇ, ಮೇಲೆ ಮೌನ, ಒಳಗೆ ಬೇರೆ. ಭಾವ ನಮ್ಮತ್ತ ಈಜಿದಷ್ಟೂ ದೂರವಾಗುತ್ತಿದ್ದರು. ಹಲಗೆಯ ಮೇಲೆ ನಿಂತು ಅಲೆ ಏರುವುದನ್ನು (ಸರ್ಫಿಂಗ್) ಕಲಿಸುವ ಹುಡುಗನೊಬ್ಬ ದಡದಲ್ಲಿ ಓಡುತ್ತಾ ಎರಡೂ ಕೈಗಳನ್ನು ಪಕ್ಕಕ್ಕೆ ಬೀಸಿ ಕೂಗಿದ. ಅವರಿಗೆ ಅರ್ಥವಾಗಿ ದಡಕ್ಕೆ ಸಮಾನಾಂತರವಾಗಿ ಈಜಿದರು, ಸೆಳವು ಬಿಟ್ಟಿತು. ಮೇಲೆ ಬಂದು ಕುಳಿತವರು ಮುಷ್ಟಿ ತುಂಬ ಮರಳು ಹಿಡಿದುಕೊಂಡಿದ್ದರು. ಚಹಾ ತಂದುಕೊಟ್ಟಾಗಲೂ ಆ ಮುಷ್ಟಿ ಬಿಚ್ಚಲಿಲ್ಲ. ಆ ಹುಡುಗನನ್ನು ನಾವು ಯಾರೂ ಮರೆಯುವುದಿಲ್ಲ.

ದಯವಿಟ್ಟು ನೆನಪಿಡಿ: ಕೆಂಪು ಬಾವುಟ ಹಾರುತ್ತಿದ್ದರೆ ಇಳಿಯಲೇಬೇಡಿ. ಸೆಳವಿಗೆ ಸಿಕ್ಕರೆ ಅದರ ಎದುರು ಗುದ್ದಾಡಬೇಡಿ, ಪಕ್ಕಕ್ಕೆ ಈಜಿ. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಿ. ಈಜು ಗೊತ್ತೆಂಬ ಧೈರ್ಯ ಇದ್ದವರಿಗೇ ಇದನ್ನು ಮತ್ತೆ ಮತ್ತೆ ಹೇಳಬೇಕಾಗಿದೆ.

ಸಸ್ಯಾಹಾರಿಗಳು ಒಂದು ಪದ ಕಲಿತು ಹೋಗಿ: ಉಂಬಲಕಡ. ಒಣಗಿಸಿದ ಟ್ಯೂನಾ ಮೀನಿನ ಚೂರು ಅದು. ಸಂಬೋಲ ಎಂಬ ತೆಂಗಿನಕಾಯಿ ಚಟ್ನಿಯಲ್ಲೂ ಸೊಪ್ಪಿನ ಪಲ್ಯದಲ್ಲೂ ಒಗ್ಗರಣೆಯಷ್ಟೇ ಸಲೀಸಾಗಿ ಬೀಳುತ್ತದೆ. ಬರೀ ಮೀನು ಬೇಡ ಎಂದರೆ ಸಾಲದು, ಉಂಬಲಕಡವೂ ಬೇಡ ಎನ್ನಬೇಕು. ಅಮ್ಮ ಹೀಗೆ ಹೇಳಿ ಹೇಳಿಯೇ ಬೆಳಗಿನ ಇಂದಿಯಾಪ್ಪವನ್ನು ನೆಮ್ಮದಿಯಿಂದ ತಿಂದರು. ಅದು ನಮ್ಮ ಒತ್ತುಶಾವಿಗೆಯೇ. ಬಿಸಿಲಿಗೆ ತುಂಬುತೋಳಿನ ಹತ್ತಿ ಅಂಗಿ ಸಾಕು. ವೀಸಾ ಅರ್ಜಿಯನ್ನು ಸರ್ಕಾರದ ಅಧಿಕೃತ ಜಾಲತಾಣದಲ್ಲೇ ಹಾಕಿ.

ತೋಟದವರಿಗೆ ಇನ್ನೊಂದು ಮಾತು. ಎಲ್ಲಿ ಹೋದರೂ ಒಂದು ಸಸಿ ಕಿತ್ತುಕೊಂಡು ಬರುವ ಅಭ್ಯಾಸ ನಮ್ಮದು. ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಅನುಮತಿ ಪತ್ರವಿಲ್ಲದೆ ಸಸಿ ತರುವಂತಿಲ್ಲ, ಮೇಲಾಗಿ ಆ ದ್ವೀಪದ ಕಥೆ ನಮಗೆ ಗೊತ್ತಿರಬೇಕು. ಒಂದು ಕಾಲಕ್ಕೆ ಅದೂ ಕಾಫಿಯ ನಾಡು. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು, ಮುಂದಿನ ವರ್ಷಗಳಲ್ಲಿ ತೋಟಗಳಿಗೆ ತೋಟಗಳೇ ಹಾಳಾದವು. ಚಹಾ ಬಂದು ನಿಂತದ್ದು ಆ ಜಾಗದಲ್ಲಿಯೇ. ಎಲೆಯ ಅಡಿಯ ಕಿತ್ತಳೆ ಬಣ್ಣದ ಆ ಪುಡಿಯನ್ನು ಬೆರಳಿನಲ್ಲಿ ಸವರಿ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಅಮ್ಮ ದಾಲ್ಚಿನ್ನಿ ತೋಟದಲ್ಲಿ ಒಂದು ಗಿಡವನ್ನು ಬಹಳ ಹೊತ್ತು ಮುಟ್ಟಿ ಮುಟ್ಟಿ ನೋಡಿದರು. ಕೊನೆಗೆ ಕಾಲು ಕಿಲೋ ಚಕ್ಕೆಯನ್ನಷ್ಟೇ ಕೊಂಡರು. ಕಾಗದದ ಹಾಗೆ ತೆಳ್ಳಗೆ ಸುರುಳಿ ಸುತ್ತಿಕೊಂಡ ಆ ಚಕ್ಕೆ ಈಗಲೂ ಡಬ್ಬಿಯಲ್ಲಿದೆ. ಮುಚ್ಚಳ ತೆಗೆದರೆ ಅಡುಗೆಮನೆಯೆಲ್ಲ ಘಮಘಮ.