ಸ್ಪಷ್ಟನೆ: ಕೊರ್ಕೊವಾಡೊ ಕಾಡಲ್ಲಿ ಇಬ್ಬರೇ ಟೆಂಟ್ ಹಾಕುವಂತಿಲ್ಲ

ಕೋಸ್ಟರಿಕಾದ ಕೊರ್ಕೊವಾಡೊ ರಾಷ್ಟ್ರೀಯ ಉದ್ಯಾನಕ್ಕೆ ಜೋಡಿಗಳು ಗೈಡ್ ಇಲ್ಲದೆ ಹೋಗಿ, ಕಡಲ ದಡದಲ್ಲೇ ಟೆಂಟ್ ಹಾಕಿ ರಾತ್ರಿ ಕಳೆಯಬಹುದು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. 2014ರಿಂದ ಅಲ್ಲಿ ಮಾನ್ಯತೆ ಪಡೆದ ಗೈಡ್ ಕಡ್ಡಾಯ. ರಾತ್ರಿ ಉಳಿಯಬೇಕಾದರೆ ಸಿರೇನಾ ರೇಂಜರ್ ಸ್ಟೇಷನ್ನಿನಲ್ಲಿ, ಸೊಳ್ಳೆಪರದೆ ಕಟ್ಟಿದ ಬಂಕ್ ಹಾಸಿಗೆಯಲ್ಲಿ. ಪಕ್ಕದಲ್ಲಿ ಬೇರೆ ಪ್ರವಾಸಿಗರೂ ಮಲಗಿರುತ್ತಾರೆ. ಪರ್ಮಿಟ್ ಮೊದಲೇ ಮಾಡಿಸಬೇಕು.

ಈ ನಿಯಮ ಸುಮ್ನೆ ಮಾಡಿದ್ದಲ್ಲ. ಸಿರೇನಾ ನದಿಯ ಅಳಿವೆಯಲ್ಲಿ ಮೊಸಳೆ, ಬುಲ್ ಶಾರ್ಕ್ ಎರಡೂ ಇವೆ. ಕಡಲ ನೀರು ಏರುವ ಭರತದ ಹೊತ್ತಿಗೆ ನದಿ ದಾಟುವುದು ಇನ್ನೂ ಅಪಾಯ.

ಇಬ್ಬರೇ ಇರಬೇಕು ಅನ್ನಿಸುವುದು ಸಹಜ ಅಲ್ವಾ? ಹಾಗಿದ್ದರೆ ಉದ್ಯಾನದ ಹೊರಗೆ ಡ್ರೇಕ್ ಬೇ ಕಡೆ ರೂಮ್ ಮಾಡಿ, ಬೆಳಗ್ಗೆ ದೋಣಿಯಲ್ಲಿ ಗೈಡ್ ಜೊತೆ ಸಿರೇನಾಗೆ ಹೋಗಿಬನ್ನಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ.