ಭಾವನ ಬೆಲ್ ಏರ್‌ಗೆ ಡೀಸೆಲ್ ದೀಕ್ಷೆ

ನಮ್ಮ ಭಾವನಿಗೆ ಹಳೇ ಅಮೆರಿಕನ್ ಕಾರೆಂದರೆ ಪ್ರಾಣ. ಡೀಸೆಲ್ ಎಂಜಿನ್ ಅಂದರೂ ಪ್ರಾಣ. ಇವೆರಡೂ ಬೇರೆ ಬೇರೆ ಇದ್ದಷ್ಟು ದಿನ ಅಕ್ಕನ ಸಂಸಾರ ನೆಮ್ಮದಿಯಾಗಿಯೇ ಇತ್ತು.

ಪೂರ್ತಿ ಅವರದೇ ತಪ್ಪು ಅನ್ನುವ ಹಾಗಿಲ್ಲ. ಊರಿನದೂ ಪಾಲಿದೆ. ಅವರಿರುವುದು ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ಸಿನಲ್ಲಿ. ಹೆಸರು ಕೇಳಿ ಮಹಾನಗರ ಅಂದುಕೊಳ್ಳಬೇಡಿ. ಸುತ್ತ ಜೋಳದ ಹೊಲ, ನಡುವೆ ಸುಮಾರು 50 ಸಾವಿರ ಜನ. ಕಮ್ಮಿನ್ಸ್ ಡೀಸೆಲ್ ಕಂಪನಿ 1919ರಲ್ಲಿ ಹುಟ್ಟಿದ್ದು ಇಲ್ಲೇ. ಹಾಗಾಗಿ ಭಾರತದ ಎಂಜಿನಿಯರುಗಳೂ ಇಲ್ಲಿ ಜಾಸ್ತಿ. ಸತ್ಯನಾರಾಯಣ ಪೂಜೆಗೆ ಹೋದರೆ ಪ್ರಸಾದದ ಸಾಲಿನಲ್ಲಿ ಹಿಂದಿನವರು ಇಂಜೆಕ್ಟರ್ ವಿಷಯ, ಮುಂದಿನವರು ಟರ್ಬೊ ವಿಷಯ ಮಾತಾಡುತ್ತಿರುತ್ತಾರೆ. ಭಾವ ಬರೆಯುವುದು ಬ್ಯಾಂಕಿನ ಸಾಫ್ಟ್‌ವೇರ್. ಆದರೆ ಸಪಾದ ಭಕ್ಷ್ಯದ ಜೊತೆ ಇಷ್ಟೆಲ್ಲ ಕಿವಿಗೆ ಬಿದ್ದ ಮೇಲೆ ಮನುಷ್ಯ ಕೆಡದೆ ಇರುತ್ತಾನಾ?

ಅದರ ಮೇಲೆ ಆ ಊರಿನ ಸ್ಥಳಪುರಾಣ ಬೇರೆ. 1929ರಲ್ಲಿ, ಕಂಪನಿ ಕಟ್ಟಿದ ಕ್ಲೆಸ್ಸಿ ಕಮ್ಮಿನ್ಸ್ ಒಂದು ಹಳೇ ಪ್ಯಾಕರ್ಡ್ ಲಿಮೊಸಿನ್ನಿಗೆ ಡೀಸೆಲ್ ಎಂಜಿನ್ ಕೂರಿಸಿದರು. ಆ ವರ್ಷದ ಕ್ರಿಸ್‌ಮಸ್ ದಿನ, ಕಂಪನಿಗೆ ದುಡ್ಡು ಹಾಕಿದ್ದ ಬ್ಯಾಂಕರ್ ಅರ್ವಿನ್ ಅವರನ್ನು ಅದರಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದರು. ಮುಂದಿನ ತಿಂಗಳೇ ಆ ಕಾರು ಇಂಡಿಯಾನಾಪೊಲಿಸ್ಸಿನಿಂದ ನ್ಯೂಯಾರ್ಕಿಗೆ ಓಡಿತು. ಸುಮಾರು 800 ಮೈಲಿ. ಇಂಧನದ ಖರ್ಚು 1 ಡಾಲರ್ 38 ಸೆಂಟ್. ಭಾವ ಈ ಕಥೆ ಹೇಳುವಾಗ '38 ಸೆಂಟ್' ಅನ್ನುವಲ್ಲಿ ಅವರ ಗಂಟಲು ಕಟ್ಟುತ್ತದೆ.

ಅವರ ಕಾರು 1957ರ ಷೆವರ್ಲೆ ಬೆಲ್ ಏರ್. ಹಿಂದೆ ಎರಡು ರೆಕ್ಕೆ, ಮೈತುಂಬ ಕ್ರೋಮ್, ಉದ್ದ ಐದು ಮೀಟರಿಗೂ ಮೇಲೆ. ಎರಡು ಬಾಗಿಲಿನ ಬೆಲ್ ಏರ್‌ಗೆ ಹುಚ್ಚು ಬೆಲೆ. ಇದು ನಾಲ್ಕು ಬಾಗಿಲಿನ ಸೆಡಾನ್, ಅದಕ್ಕೇ ನಮ್ಮವರ ಕೈಗೆ ಸಿಕ್ಕಿತು. ಒಳಗಿದ್ದದ್ದು 3.9 ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಎರಡೇ ಗೇರಿನ ಆಟೊಮ್ಯಾಟಿಕ್. ಹೊಸದಾಗಿ ತಂದದ್ದು ಹಳೇ ಗಾಡಿಗಳಿಗೆ ಕೂರಿಸಲೆಂದೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದ ಕಮ್ಮಿನ್ಸ್ ಆರ್ 2.8. ನಾಲ್ಕು ಸಿಲಿಂಡರ್, 161 ಅಶ್ವಶಕ್ತಿ. ಪೆಟ್ಟಿಗೆ ಮನೆಗೆ ಬಂದಾಗ ಅಕ್ಕ ಫ್ರಿಜ್ ಅಂದುಕೊಂಡು ಖುಷಿಪಟ್ಟಳು.

"ಹಳೇದು ಇಳಿಸೋದು, ಹೊಸದು ಕೂರಿಸೋದು. ಅಷ್ಟೇ ಕಣೋ" ಅಂದರು ಭಾವ. ನನಗೆ ಟಾರ್ಚ್ ಹಿಡಿಯುವ ಕೆಲಸ. ಟಾರ್ಚ್ ಹಿಡಿದವನಿಗೆ ಬೈಗುಳ ಗ್ಯಾರಂಟಿ. ಇದು ಊರಲ್ಲೂ ಅಷ್ಟೇ, ಅಮೆರಿಕದಲ್ಲೂ ಅಷ್ಟೇ.

ಹಳೇದು ಸಲೀಸಾಗಿ ಇಳಿಯಿತು. ಅಲ್ಲಿಂದಾಚೆಗೆ ನಡೆದದ್ದೆಲ್ಲ ಸನ್ಯಾಸಿ ಬೆಕ್ಕು ಸಾಕಿದ ಕಥೆ. ಕೌಪೀನ ಕಡಿಯುವ ಇಲಿಗೆ ಬೆಕ್ಕು, ಬೆಕ್ಕಿನ ಹಾಲಿಗೆ ಹಸು, ಹಸು ನೋಡಿಕೊಳ್ಳಲು ಹೆಂಡತಿ.

ಹೊಸ ಎಂಜಿನ್ ಇಳಿಬಿಟ್ಟರೆ ಅದರ ತಳದ ಎಣ್ಣೆ ತೊಟ್ಟಿ, ಅಂದರೆ ಆಯಿಲ್ ಸಂಪ್, ಸ್ಟಿಯರಿಂಗ್ ರಾಡಿಗೆ ತಾಗಿತು. ಎತ್ತಿ ಕೂರಿಸಿದರೆ ಬಾನೆಟ್ ಮುಚ್ಚಲಿಲ್ಲ. ಸಂಪ್ ಕತ್ತರಿಸಿ ಬೆಸುಗೆ ಹಾಕಿಸಿದ್ದಾಯಿತು. ಹಳೇ ಟ್ಯಾಂಕಿನಲ್ಲಿ ಅರವತ್ತು ವರ್ಷದ ತುಕ್ಕು. ಹಳೇ ಎಂಜಿನ್ ಅದನ್ನು ಹೇಗೋ ಜೀರ್ಣಿಸಿಕೊಂಡಿತ್ತು. ಈಗಿನ ಡೀಸೆಲ್ ಹಾಗಲ್ಲ, ಮಹಾ ಮಡಿ. ಗಾಳಿಯ ಒತ್ತಡದ ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ತೂತುಗಳಿಂದ ಇಂಧನ ಚಿಮ್ಮಿಸಬೇಕು. ಅದಕ್ಕೆ ಹೊಸ ಟ್ಯಾಂಕ್. ಮಿಕ್ಕ ಡೀಸೆಲ್ ವಾಪಸ್ಸು ಟ್ಯಾಂಕಿಗೆ ಬರಬೇಕಂತೆ, ಅದಕ್ಕೊಂದು ಹೊಸ ಪೈಪು. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೆ ಪೆಟ್ರೋಲ್ ಎಂಜಿನ್ ಕೊಡುತ್ತಿದ್ದ ವ್ಯಾಕ್ಯೂಮ್, ಅಂದರೆ ಗಾಳಿ ಹೀರುವ ಸೆಳೆತ, ಡೀಸೆಲ್‌ನಲ್ಲಿ ಹುಟ್ಟುವುದಿಲ್ಲ, ಅದಕ್ಕೊಂದು ಪಂಪು. ಹೊಸ ಎಂಜಿನ್ನಿಗೆ ಹೊಸ ಗೇರ್‌ಬಾಕ್ಸ್. ಹಳೇ ಸ್ಪೀಡೋಮೀಟರಿನ ಕೇಬಲ್ ತಿರುಪಲು ಅದರಲ್ಲಿ ಜಾಗವೇ ಇಲ್ಲ. "ಅದೇನು ದೊಡ್ಡ ವಿಷಯ" ಅಂತ ಭಾವ ಫೋನನ್ನೇ ಡ್ಯಾಶ್‌ಬೋರ್ಡಿಗೆ ಅಂಟಿಸಿ, ಅದರಲ್ಲಿ ವೇಗ ನೋಡತೊಡಗಿದರು.

ಎಂಜಿನ್ ಮೊದಲ ಸಲ ಶುರುವಾದಾಗ ಭಾವನ ತಾಯಿ ಹಾಸನದಿಂದ ಬಂದಿದ್ದರು. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಆಚೆ ಬಂದರು. "ಯಾರಪ್ಪಾ ಬೋರ್ ಕೊರೆಸ್ತಿರೋದು? ನೀರು ಬಿತ್ತಂತಾ?"

ಭಾವ ಎರಡು ದಿನ ತಾಯಿಯ ಹತ್ತಿರ ಮಾತಾಡಲಿಲ್ಲ.

ಆದರೆ ನಿಜವಾದ ಆಟ ಆಡಿಸಿದ್ದು ವೈಪರ್. ಆ ಕಾಲದ ಷೆವರ್ಲೆಗಳಲ್ಲಿ ವೈಪರಿಗೆ ಸಾಮಾನ್ಯವಾಗಿ ಕರೆಂಟಿನ ಮೋಟರ್ ಇರುತ್ತಿರಲಿಲ್ಲ. ಜಾಸ್ತಿ ದುಡ್ಡು ಕೊಟ್ಟವರಿಗೆ ಮಾತ್ರ ಕರೆಂಟಿನದು. ಮಿಕ್ಕವರದು ಎಂಜಿನ್ನಿನ ವ್ಯಾಕ್ಯೂಮಿನಿಂದಲೇ ಆಡಬೇಕು. ಆಕ್ಸಿಲರೇಟರ್ ಒತ್ತಿದರೆ ವ್ಯಾಕ್ಯೂಮ್ ಇಳಿಯುತ್ತದೆ. ಅಂದರೆ ಮಳೆಯಲ್ಲಿ ಏರು ಹತ್ತುವಾಗ ವೈಪರ್ ನಡುದಾರಿಯಲ್ಲೇ ನಿಂತು ಸುಧಾರಿಸಿಕೊಳ್ಳುತ್ತಿತ್ತು. ಅಂಥ ವೈಪರನ್ನು ಮಾಡಿ ಮಾರಿದವರ ಧೈರ್ಯ ದೊಡ್ಡದು. ಕೊಂಡವರದು ಇನ್ನೂ ದೊಡ್ಡದು. ಬ್ರೇಕಿಗೆ ಪಂಪ್ ಹಾಕುವಾಗ ಈ ಬಡಪಾಯಿಯ ನೆನಪು ಯಾರಿಗೂ ಬಂದಿರಲಿಲ್ಲ.

ನೆನಪಿಸಿದ್ದು ಮಳೆ. ಪರಿಚಯದವರ ಮನೆ ಗೃಹಪ್ರವೇಶಕ್ಕೆ ಹೊರಟಿದ್ದೆವು. ಅಕ್ಕ ರೇಷ್ಮೆ ಸೀರೆಯಲ್ಲಿ. ಇಂಡಿಯಾನಾದ ಮಳೆ ಕೇಳಿ ಬರುವುದಿಲ್ಲ. ಭಾವ ಗುಂಡಿ ಎಳೆದರು. ವೈಪರ್ ಕದಲಲಿಲ್ಲ. ಮತ್ತೆ ಎಳೆದರು. ಗುಂಡಿ ಕೈಗೇ ಬಂತು. ಕೊನೆಗೆ ಭಾವ ಎಡಗಡೆಯಿಂದ, ನಾನು ಬಲಗಡೆಯಿಂದ ತಲೆ ಆಚೆ ಹಾಕಿ, ಒಬ್ಬೊಬ್ಬರು ಒಂದೊಂದು ಕಡ್ಡಿ ಹಿಡಿದು ಅತ್ತ ಇತ್ತ ಆಡಿಸುತ್ತಾ ಆಮೆಯ ಹಾಗೆ ಹೋದೆವು. "ನೀನು ಎಳೀವಾಗ ನಾನು ತಳ್ಬೇಕೇನೋ, ಒಟ್ಟಿಗೆ ಎಳೆಯೋ!" ಅಂತ ಭಾವನ ನಿರ್ದೇಶನ ಬೇರೆ. ಪಕ್ಕದ ಲೇನಿನ ಮುದುಕ ಗಾಜು ಇಳಿಸಿ, ಹೆಬ್ಬೆಟ್ಟು ಎತ್ತಿ ತೋರಿಸಿ ಹೋದ.

ಈಗ ವೈಪರಿಗೆ ಕರೆಂಟಿನ ಮೋಟರ್ ಇದೆ. ಅದಕ್ಕಾಗಿ ಬದಲಾಯಿಸಿದ ವೈರಿಂಗಿನ ಕಥೆ ಬೇಡ ಬಿಡಿ.

ನಮ್ಮೂರ ಕಡೆ ಅಂಬಾಸಿಡರಿಗೋ ಜೀಪಿಗೋ ಡೀಸೆಲ್ ಎಂಜಿನ್ ಕೂರಿಸುತ್ತಿದ್ದವರ ಲೆಕ್ಕ ಸರಳವಾಗಿತ್ತು. ಡೀಸೆಲ್ ಅಗ್ಗ, ಮೈಲೇಜ್ ಜಾಸ್ತಿ. ಅಮೆರಿಕದಲ್ಲಿ ಲೆಕ್ಕವೇ ಉಲ್ಟಾ. ಕೇಂದ್ರ ಸರ್ಕಾರದ ತೆರಿಗೆಯೇ ಗ್ಯಾಲನ್ ಪೆಟ್ರೋಲಿಗೆ 18.4 ಸೆಂಟ್, ಡೀಸೆಲಿಗೆ 24.4 ಸೆಂಟ್. ಬಂಕಿನ ಬೋರ್ಡಿನಲ್ಲೂ ಸಾಮಾನ್ಯವಾಗಿ ಡೀಸೆಲ್ಲೇ ಮೇಲೆ. ಕಾರಿಗಿಂತ ಎಂಜಿನ್ನಿಗೇ ಜಾಸ್ತಿ ಸುರಿದವರಿಗೆ ಇದೆಲ್ಲ ಹೇಳುವವರು ಯಾರು?

ಬಂಕಿಗೆ ಹೋಗುವುದೆಂದರೆ ಭಾವನಿಗೆ ಹಬ್ಬ. 57ರ ಬೆಲ್ ಏರ್‌ನಲ್ಲಿ ಟ್ಯಾಂಕಿನ ಮುಚ್ಚಳ ಕಾಣುವುದೇ ಇಲ್ಲ. ಎಡ ರೆಕ್ಕೆಯ ತುದಿಯ ಕ್ರೋಮ್ ಪಟ್ಟಿ ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಅದನ್ನು ನೋಡಲು ನಾಲ್ಕು ಜನ ಸೇರುತ್ತಾರೆ. ಆಮೇಲೆ ಭಾವ ಡೀಸೆಲ್ ನಾಜಲ್ ಎತ್ತುತ್ತಾರೆ. ಯಾರಾದರೂ ಒಬ್ಬರು ಕೈ ಬೀಸಿಕೊಂಡು ಓಡಿ ಬರಲೇಬೇಕು. "ಸರ್, ಸರ್, ಅದು ಡೀಸೆಲ್!" ಭಾವ ಕಾಯುತ್ತಿದ್ದದ್ದೇ ಅದಕ್ಕೆ. ಬಾನೆಟ್ ಎತ್ತಿ, 1929ರ ಕ್ರಿಸ್‌ಮಸ್ಸಿನಿಂದ ಶುರು ಮಾಡುತ್ತಾರೆ.

ಹೋದ ವಾರ ಅಕ್ಕನೂ ಇದ್ದಳು. ಹಿಂದಿನ ಸೀಟಿನಲ್ಲಿ ಐಸ್‌ಕ್ರೀಂ ಡಬ್ಬ ಕರಗುತ್ತಿತ್ತು. ಭಾಷಣ ಇನ್ನೂ ನ್ಯೂಯಾರ್ಕ್ ತಲುಪಿರಲಿಲ್ಲ. ಅವಳು ಸುಮ್ನೆ ಬೋರ್ಡ್ ನೋಡಿದಳು.

"ಏನ್ರೀ, ಡೀಸೆಲ್ಲೇ ದುಬಾರಿ ಅಲ್ವಾ?"

"ಬೆಲೆ ನೋಡಬೇಡ, ಮೈಲೇಜ್ ನೋಡು" ಅಂದರು ಭಾವ, ಗತ್ತಿನಿಂದ.

ಅಕ್ಕ ಬಗ್ಗಿ ಡ್ಯಾಶ್‌ಬೋರ್ಡ್ ನೋಡಿದಳು. ಕೇಬಲ್ಲೇ ಇಲ್ಲದ ಮೇಲೆ ಮೈಲಿ ತಿರುಗುವುದೆಲ್ಲಿಂದ? ಹಳೇ ಎಂಜಿನ್ ಇಳಿಸಿದ ದಿನದ ಅಂಕಿಯೇ ಹಾಗೇ ಕೂತಿತ್ತು.

"ಇದರ ಪ್ರಕಾರ ಕಾರು ಗ್ಯಾರೇಜಿಂದ ಆಚೆಗೇ ಬಂದಿಲ್ಲ. ಮತ್ತೆ ಅಷ್ಟು ಡೀಸೆಲ್ ಕುಡಿದಿದ್ದು ಯಾರ್ರೀ, ನೀವಾ?"